ಭಾವನ ನಾಲ್ಕನೆಯ ಸುತ್ತು

ನಮ್ಮ ಭಾವನಿಗೆ ಅವರ ಆಫೀಸಿನಲ್ಲಿ ಇಟ್ಟಿರುವ ಹೆಸರು ಮುಕ್ಕಾಲು. ಎದುರಿಗೆ ಯಾರೂ ಹಾಗೆ ಕರೆಯುವುದಿಲ್ಲ, ಬೆನ್ನ ಹಿಂದೆ ಮಾತ್ರ. ಆದರೆ ಅವರ ಬೆನ್ನ ಹಿಂದೆ ಕೂರುವ ಗುಮಾಸ್ತನ ಗಂಟಲು ಸ್ವಲ್ಪ ದೊಡ್ಡದಾದ್ದರಿಂದ ಈ ವಿಷಯ ಭಾವನಿಗೂ ಗೊತ್ತು. ಅದಕ್ಕೆ ಅವರೇನೂ ಬೇಜಾರು ಮಾಡಿಕೊಂಡಿಲ್ಲ. "ಅರ್ಧ ಅಂತ ಇಡಲಿಲ್ಲವಲ್ಲ, ಬಿಡು" ಎಂದು ನನಗೇ ಸಮಾಧಾನ ಹೇಳಿದ್ದಾರೆ.

ಹೆಸರಿಟ್ಟವರನ್ನು ಬೈಯುವ ಹಾಗೂ ಇಲ್ಲ. ಅಕ್ಕನ ಮನೆಗೆ ಬಂದು ನೋಡಿ. ಬಾಲ್ಕನಿಯ ಸರಳುಗಳು ಎಡಗಡೆಯಿಂದ ಹಸಿರಾಗಿ ಹೊರಟು, ಬಲಗಡೆಯ ಮೂಲೆ ಹತ್ತಿರವಾಗುತ್ತಿದ್ದಂತೆ ತುಕ್ಕಾಗಿಬಿಡುತ್ತವೆ. ಪುಸ್ತಕದ ಕಪಾಟಿಗೆ ಮೇಲಿನ ಹಲಗೆಗಳಿವೆ, ತಳವಿಲ್ಲ. ಗೋಡೆಯ ಗಡಿಯಾರವನ್ನು ಭಾವ ಸ್ವಂತ ಕೈಯಿಂದ ರಿಪೇರಿ ಮಾಡಿ ಗಂಟೆಯ ಮುಳ್ಳು ಕೂರಿಸಿದ್ದಾರೆ. ನಿಮಿಷದ ಮುಳ್ಳು ಆಮೇಲೆ ಅಂದರು. ಆ ಮನೆಯಲ್ಲಿ ಈಗ ಬರೀ ಗಂಟೆಗಳಿವೆ, ನಿಮಿಷಗಳಿಲ್ಲ. ಮುಗಿಯದ ಇನ್ನಿತರ ಸಾಮಾನುಗಳೆಲ್ಲ ಹಿಂದಿನ ರೂಮಿನಲ್ಲಿ ಒಂದರ ಮೇಲೊಂದು ಕೂತಿವೆ. ಆ ರೂಮಿನ ಬಾಗಿಲು ಕೂಡ ಪೂರ್ತಿ ಹಾಕಿಕೊಳ್ಳುವುದಿಲ್ಲ.

ನನ್ನದು ಅದೇ ಕಟ್ಟಡದ ಕೆಳಗೆ, ರಸ್ತೆಗೆ ಮುಖ ಮಾಡಿದ ಫೋಟೋ ಸ್ಟುಡಿಯೊ. ಊಟ ಅಕ್ಕನ ಮನೆಯಲ್ಲಿ. ಆದ್ದರಿಂದ ಭಾವನ ವಿಷಯವನ್ನು ನಾನು ಸ್ವಲ್ಪ ನೋಡಿಕೊಂಡು ಮಾತಾಡಬೇಕು. ನೋಡಿಕೊಂಡೇ ಮಾತಾಡುತ್ತಿದ್ದೇನೆ.

ಎಲ್ಲ ಶುರುವಾದದ್ದು ರಸ್ತೆ ರಿಪೇರಿಗೆ ಸುರಿದ ಜಲ್ಲಿ ರಾಶಿಯಿಂದ. ನದಿಯಿಂದ ತಂದ ಜಲ್ಲಿ. ಪಕ್ಕದಲ್ಲಿ ನೀರಿನ ಪೈಪು ಒಡೆದು ರಾಶಿಯೆಲ್ಲ ನೆನೆದಿತ್ತು. ಆಫೀಸಿನಿಂದ ಬರುತ್ತಿದ್ದ ಭಾವನ ಕಣ್ಣಿಗೆ ಅದರಲ್ಲೊಂದು ಕಲ್ಲು ಬಿತ್ತು. ಜೇನಿನ ಬಣ್ಣ, ಒಳಗೆ ಬಿಳಿ ಪಟ್ಟೆ, ಪಟ್ಟೆಯ ಪಕ್ಕ ಇನ್ನೊಂದು ಪಟ್ಟೆ. ಅದನ್ನು ಹಿಡಿದುಕೊಂಡು ನೇರವಾಗಿ ನನ್ನ ಸ್ಟುಡಿಯೊಕ್ಕೆ ಬಂದು, "ಇದು ಅಗೇಟ್ ಕಣೋ" ಎಂದರು. ಹಾಗೆಂದರೇನು ಎಂದು ಕೇಳಿದೆ. "ಉಜ್ಜಿದ್ರೆ ಹೊಳೆಯೋ ಕಲ್ಲು" ಎಂದರು. ಆ ವಾರವೆಲ್ಲ ರಾಶಿ ಕೆದಕಿ ಅಂಥವನ್ನೇ ಒಂದು ಚೀಲ ಆರಿಸಿ ತಂದರು, ಮುಂದಿನ ವಾರ ಮನೆಗೆ ಮೆಷಿನ್ನು ಬಂತು.

ಮೆಷಿನ್ನೆಂದರೆ ದೊಡ್ಡದೇನಲ್ಲ. ಒಂದು ಮೋಟಾರು, ಎರಡು ಉರುಳೆ, ಉರುಳೆಗಳ ಮೇಲೆ ಮಲಗಿ ಹೊರಳುವ ಒಂದು ರಬ್ಬರಿನ ಡ್ರಮ್ಮು. ಡ್ರಮ್ಮಿನೊಳಗೆ ಕಲ್ಲು, ನೀರು, ಉಜ್ಜುವ ಪುಡಿ ಹಾಕಿ ಮುಚ್ಚಳ ಬಿಗಿದು ಬಿಟ್ಟರೆ ಹಗಲೂ ರಾತ್ರಿ ತಿರುಗುತ್ತಲೇ ಇರಬೇಕು. ಒಟ್ಟು ನಾಲ್ಕು ಸುತ್ತು, ಒಂದೊಂದು ಸುತ್ತಿಗೆ ವಾರ. ಮೊದಲಿಗೆ ಸಕ್ಕರೆಯಷ್ಟು ದಪ್ಪದ ಪುಡಿ, ಆಮೇಲೆ ಉಪ್ಪಿನಷ್ಟು, ಆಮೇಲೆ ಹಿಟ್ಟಿನಷ್ಟು ಸಣ್ಣದು. ನಾಲ್ಕನೆಯದು ಪಾಲಿಶ್ ಪುಡಿ, ಮುಖಕ್ಕೆ ಹಚ್ಚುವ ಪೌಡರಿನ ಹಾಗಿರುತ್ತದೆ. ನಿಜವಾದ ಹೊಳಪು ಬರುವುದು ಅದರಿಂದಲೇ. ಇನ್ನೊಂದು ನಿಯಮವೂ ಉಂಟು. ಡ್ರಮ್ಮು ಮುಕ್ಕಾಲು ತುಂಬಿರಬೇಕು, ಕಡಿಮೆಯಾದರೆ ಕಲ್ಲಿಗೆ ಕಲ್ಲು ಬಡಿದು ಸೀಳುತ್ತವೆ. ಮುಕ್ಕಾಲೇ ಸರಿಯಾದ ಅಳತೆ ಎಂದು ಹೇಳಿದ ವಸ್ತು ಭಾವನ ಜೀವನದಲ್ಲಿ ಅದೇ ಮೊದಲನೆಯದು. ಅದರ ಮೇಲೆ ಅವರಿಗೆ ಪ್ರೀತಿ ಹುಟ್ಟಿದ್ದರಲ್ಲಿ ಆಶ್ಚರ್ಯವಿಲ್ಲ.

ನೀರು ಹತ್ತಿರವಿರಲೆಂದು ಮೆಷಿನ್ನನ್ನು ಬಾತ್‌ರೂಮಿನಲ್ಲಿಟ್ಟರು. ಅಕ್ಕ ಬಾಗಿಲಲ್ಲಿ ನಿಂತು ನೋಡಿದಳು. ಅವಳು ಕೂಗಾಡುವವಳಲ್ಲ. ಕೂಗಾಡಿದ್ದರೆ ಭಾವನಿಗೆ ಅಷ್ಟು ಭಯವಾಗುತ್ತಿರಲಿಲ್ಲ.

"ರೀ, ಇದೊಂದನ್ನ ಮುಗಿಸಿ. ಮುಗೀತು ಅನ್ನೋ ವಸ್ತು ಒಂದೇ ಒಂದು ನನ್ನ ಕೈಯಲ್ಲಿಡಿ. ಬೇರೆ ಏನೂ ಕೇಳಲ್ಲ."

"ಇಡ್ತೀನಿ ಕಣೇ. ಈ ಸಲ ನೋಡು ಬೇಕಾದ್ರೆ."

"ಇಡದೇ ಹೋದ್ರೆ ಈ ಮೆಷಿನ್ನು, ಆ ರೂಮಿನಲ್ಲಿರೋದು, ಎಲ್ಲ ಗುಜರಿಯವನಿಗೆ. ಆಮೇಲೆ ನೀವು ಏನು ಶುರು ಮಾಡಿದ್ರೂ ನಾನು ಯಾವಾಗ ಮುಗಿಯುತ್ತೆ ಅಂತ ಕೇಳೋದೇ ಇಲ್ಲ."

ಗುಜರಿಯ ಮಾತನ್ನು ಭಾವ ಹೇಗೋ ಸಹಿಸಿಕೊಂಡರು. ಕೊನೆಯ ಮಾತು ಮಾತ್ರ ಅವರಿಗೆ ತಾಗಿತು.

ಮೆಷಿನ್ನು ತಿರುಗತೊಡಗಿತು. ಬಾತ್‌ರೂಮಿನ ಗೋಡೆ, ನಲ್ಲಿ, ಸೋಪಿನ ಡಬ್ಬಿ ಎಲ್ಲ ಗೊರಗೊರ ಎನ್ನುತ್ತಿದ್ದವು. ಎರಡನೆಯ ದಿನವೇ ಕೆಳಗಿನ ಮನೆಯ ರಿಟೈರ್ಡ್ ಮೇಷ್ಟ್ರು ಮೆಟ್ಟಿಲು ಹತ್ತಿ ಬಂದರು. ವಿಜ್ಞಾನದ ಮೇಷ್ಟ್ರು. ಯಾವ ವಿಷಯವನ್ನೂ ಪರೀಕ್ಷಿಸದೆ ಒಪ್ಪುವವರಲ್ಲ.

"ನಿಮ್ಮ ಬಾತ್‌ರೂಮಲ್ಲಿ ಯಾರೋ ಗೊರಕೆ ಹೊಡೀತಿದಾರೆ" ಎಂದರು.

"ಕಲ್ಲು, ಮೇಷ್ಟ್ರೇ."

"ಕಲ್ಲು ಗೊರಕೆ ಹೊಡೆಯುತ್ತಾ?"

"ಮೂರು ನಾಲ್ಕು ವಾರ ಹೊಡೆಯುತ್ತೆ. ಆಮೇಲೆ ಎದ್ದುಬಿಡುತ್ತೆ" ಎಂದರು ಭಾವ, ತಮಾಷೆಗೆ. ಮೇಷ್ಟ್ರು ನಗಲಿಲ್ಲ. ತಲೆಯಾಡಿಸಿ ಇಳಿದು ಹೋದರು. ಮೇಷ್ಟ್ರ ಎದುರು ತಮಾಷೆ ಮಾಡುವುದು ಅಪಾಯವೆಂದು ನನಗೆ ಆವತ್ತೇ ಅನ್ನಿಸಿತ್ತು.

ಮೂರನೆಯ ಸುತ್ತು ಮುಗಿದದ್ದು ಒಂದು ಭಾನುವಾರ ಬೆಳಿಗ್ಗೆ. ಭಾವ ಮೋಟಾರು ಆರಿಸಿ, ಡ್ರಮ್ಮು ಬಿಚ್ಚಿ, ಬೂದು ರಾಡಿಯನ್ನು ಹೊರಗೆ ಚೆಲ್ಲಿ, ಕಲ್ಲುಗಳನ್ನು ಬಕೆಟ್ಟಿನ ನೀರಿಗೆ ಸುರಿದರು. ನೀರು ತಿಳಿಯಾಯಿತು. ಕಿಟಕಿಯ ಬಿಸಿಲು ನೇರವಾಗಿ ಬಕೆಟ್ಟಿನೊಳಕ್ಕೆ ಬಿತ್ತು. ಕೆಂಪು, ಜೇನು, ಹಾಲು ಬಿಳುಪು, ಪಟ್ಟೆಯೊಳಗೆ ಪಟ್ಟೆ. ಭಾವನಿಗೆ ನಾಲ್ಕನೆಯ ಸುತ್ತು ಮರೆತುಹೋಯಿತೋ, ಬೇಡವೆನಿಸಿತೋ, ಅವರಿಗೇ ತಿಳಿಯದು. ಬಕೆಟ್ಟನ್ನು ಎತ್ತಿಕೊಂಡು ನೀರು ಚೆಲ್ಲುತ್ತಾ ಸ್ಟುಡಿಯೊಕ್ಕೆ ಬಂದರು.

"ಮುಗೀತು. ಫೋಟೋ ತೆಗೀಬೇಕು. ಗಾಜಿನ ಬಟ್ಟಲು ಇದೆಯಾ?"

ಬಟ್ಟಲಿಗೆ ನೀರು ತುಂಬಿ ಕಲ್ಲುಗಳನ್ನು ಜೋಡಿಸಿದರು. ಲೈಟು ಎದುರಿಂದ ಬೇಡ, ಬದಿಯಿಂದ ಕೊಡು ಎಂದರು. ಕೆಳಗೆ ಕಪ್ಪು ಬಟ್ಟೆ ಹಾಸು ಎಂದರು. ಸ್ಟುಡಿಯೊ ನನ್ನದು, ಲೈಟು ನನ್ನದು, ಪಾಠ ಅವರದು. ಫೋಟೋ ತಮ್ಮ ಫೋನಿನಲ್ಲಿ ತಾವೇ ತೆಗೆದರು. ನಾನು ಹೊಟ್ಟೆಪಾಡಿಗೆ ಜನರ ಮುಖದ ಮೇಲಿನ ಕಲೆಗಳನ್ನು ಅಳಿಸುವವನು. ಆ ಫೋಟೋದಲ್ಲಿ ಅಳಿಸಲು ಏನೂ ಇರಲಿಲ್ಲ. ಭಾವ ಅದನ್ನು ಕಟ್ಟಡದವರ ಗ್ರೂಪಿಗೂ ಆಫೀಸಿನ ಗ್ರೂಪಿಗೂ ಕಳಿಸಿ, ಅಡಿಯಲ್ಲಿ "ಮುಗಿಯಿತು" ಎಂದು ಬರೆದರು.

ಬಟ್ಟೆಯ ಮೇಲೂ ಒಂದು ಫೋಟೋ ಇರಲೆಂದು ನಾನು ಒಂದು ಕಲ್ಲನ್ನು ಎತ್ತಿ ಲೆನ್ಸ್ ಒರೆಸುವ ಬಟ್ಟೆಯಿಂದ ಒರೆಸಿದೆ. ಒರೆಸುತ್ತಾ ಇದ್ದ ಹಾಗೆ ಕಲ್ಲಿನ ಮೇಲಿದ್ದ ಹೊಳಪೆಲ್ಲ ಬಟ್ಟೆಗೆ ಹೋಯಿತು. ಕೈಯಲ್ಲಿ ಉಳಿದದ್ದು ಸವೆದ ಸೋಪಿನ ಚೂರಿನಂಥದ್ದು. ಇಬ್ಬರೂ ಅದನ್ನು ನೋಡಿದೆವು. ಆಮೇಲೆ ಒಬ್ಬರ ಮುಖ ಒಬ್ಬರು ನೋಡಿದೆವು.

"ಭಾವ, ನಾಲ್ಕನೇ ಸುತ್ತು?"

"ನೀರಲ್ಲಿ ನೋಡಿ ಆಯ್ತು ಅಂದ್ಕೊಂಡುಬಿಟ್ಟೆ ಕಣೋ."

"ಈಗ ಹಾಕಿ, ಅದಕ್ಕೇನು."

"ಹೂಂ, ಹಾಕ್ತೀನಿ" ಎಂದವರು ತಿರುಗಿದರು. ಬಾಗಿಲಲ್ಲಿ ಅಕ್ಕ ನಿಂತಿದ್ದಳು. ಕೈಯಲ್ಲಿ ಫೋನು. ಮೆಟ್ಟಿಲಿಳಿದು ಓಡಿ ಬಂದಿದ್ದಳೆಂದು ಕಾಣುತ್ತದೆ, ಏದುಸಿರು ಬಿಡುತ್ತಿದ್ದಳು.

"ಮುಗಿಸಿದ್ರಾ?" ಎಂದಳು.

ಭಾವನ ಕೈ ತಾನಾಗಿ ಒಣಗಿದ ಕಲ್ಲನ್ನು ಬಟ್ಟಲಿನ ನೀರಿನೊಳಕ್ಕೆ ತಳ್ಳಿತು. ಬಟ್ಟಲು ಮತ್ತೆ ಝಗ್ಗೆಂದಿತು. ಅಕ್ಕ ಬಟ್ಟಲನ್ನು ನೋಡಿ ನಕ್ಕಳು. ಆ ನಗು ನೋಡಿ ನನಗೇ ಸಂತೋಷವಾಯಿತು, ನಿಜ ಹೇಳುತ್ತೇನೆ. ಭಾವ "ಹೂಂ" ಎಂದರು.

ಆ ಒಂದು ಹೂಂಕಾರದಿಂದ ಆದ ಅನಾಹುತವನ್ನು ಇನ್ನು ಮುಂದೆ ವಿವರಿಸಬೇಕಾಗಿದೆ.

ಸಾಯಂಕಾಲದೊಳಗೆ ಅಕ್ಕ ಇಡೀ ಕಟ್ಟಡಕ್ಕೆ ಹೇಳಿದಳು. ಮಹಡಿಯಿಂದ ಮಹಡಿಗೆ, ಬಟ್ಟೆ ಒಣಹಾಕುವ ತಂತಿಯಿಂದ ತಂತಿಗೆ, "ನಮ್ಮನೆಯವರು ಮುಗಿಸಿದ್ರು." ಏನನ್ನು ಎಂದು ಕೇಳಿದವರಿಗೆ ಆಮೇಲೆ ಹೇಳಿದಳು. ಮೇಷ್ಟ್ರು ಹತ್ತಿ ಬಂದು, "ಗೊರಕೆ ನಿಂತಿತು, ಕೆಲಸ ಮುಗೀತು ಅಂತ ಆಗಲೇ ತಿಳೀತು" ಎಂದು ಭಾವನ ಕೈ ಕುಲುಕಿದರು.

ಭಾವನಿಗೆ ಆಗ ಹೊಳೆಯಿತು. ನಾಲ್ಕನೆಯ ಸುತ್ತು ಹಾಕಬೇಕಾದರೆ ಮೆಷಿನ್ನು ತಿರುಗಬೇಕು. ಮೆಷಿನ್ನು ತಿರುಗಿದರೆ ಮುಗಿದಿಲ್ಲವೆಂದು ಕೆಳಗಿನ ಮನೆಯವರೆಗೂ ಕೇಳಿಸುತ್ತದೆ. ಮುಗಿಸಬೇಕೆಂದರೆ ಮುಗಿದಿಲ್ಲವೆಂದು ಒಪ್ಪಬೇಕು. ಇಂಥ ಬಿಕ್ಕಟ್ಟು ಅವರ ಆಫೀಸಿನಲ್ಲಿ ಬಂದಿದ್ದರೆ ಒಂದು ಸಮಿತಿಯನ್ನಾದರೂ ಮಾಡುತ್ತಿದ್ದರು. ಇಲ್ಲಿದ್ದವನು ನಾನೊಬ್ಬ.

"ನಿಮ್ಮಕ್ಕ ಎಲ್ಲಾದ್ರೂ ವಾರದ ಮಟ್ಟಿಗೆ ಹೋಗ್ತಾಳಾ?" ಎಂದು ಕೇಳಿದರು.

"ಎಲ್ಲಿಗೂ ಹೋಗಲ್ಲ. ಬಂದವರಿಗೆ ಕಲ್ಲು ತೋರಿಸೋದಿದೆಯಂತೆ" ಎಂದೆ.

ಗಾಜಿನ ಬಟ್ಟಲು ನಡುಮನೆಯ ಮೇಜಿನ ಮೇಲೆ ಕೂತಿತು. ಪ್ರತಿದಿನ ಬೆಳಿಗ್ಗೆ ಭಾವ ಎದ್ದ ಕೂಡಲೇ ನೀರು ಎಷ್ಟಿದೆ ನೋಡುತ್ತಿದ್ದರು. ಮೊದಲು ಪ್ರಶ್ನೆ ಎತ್ತಿದವರು ಮೇಷ್ಟ್ರೇ.

"ಅಲ್ಲಾ, ಕಲ್ಲನ್ನ ಯಾಕೆ ನೀರಲ್ಲಿಟ್ಟಿದೀರಿ?"

ಅಕ್ಕ ಟೀ ಹಿಡಿದುಕೊಂಡು ಅಲ್ಲೇ ನಿಂತಿದ್ದಳು. ಭಾವ ಅವಳತ್ತ ನೋಡಿ, ನನ್ನತ್ತ ನೋಡಿ, ಸೂರಿನತ್ತ ನೋಡಿದರು.

"ಇದು ಅಗೇಟ್ ನೋಡಿ. ಒಳಗೆ ಜೀವ ಇರುತ್ತೆ. ನೀರಲ್ಲೇ ಉಸಿರಾಡೋದು. ಗಾಳಿ ತಾಗಿದ್ರೆ ಮಂಕಾಗಿಬಿಡುತ್ತೆ."

ಮೇಷ್ಟ್ರು ಟೀ ಕೆಳಗಿಟ್ಟು ಒಂದು ಕಲ್ಲನ್ನು ಎತ್ತಿ ಬಿಸಿಲಿಗೆ ಹಿಡಿದರು. ಅದು ಮೆಲ್ಲಗೆ ಮಂಕಾಯಿತು. ಮತ್ತೆ ನೀರಿಗೆ ಹಾಕಿದರು. ಮೈತುಂಬ ಬಣ್ಣ ಬಂತು. ಇನ್ನೊಮ್ಮೆ ಎತ್ತಿದರು, ಇನ್ನೊಮ್ಮೆ ಹಾಕಿದರು. ವಿಜ್ಞಾನದ ಮೇಷ್ಟ್ರ ಮುಖ ಬೆಳಗಿತು.

"ಎತ್ತಿದ್ರೆ ಸೊರಗುತ್ತೆ, ಹಾಕಿದ್ರೆ ಚೇತರಿಸಿಕೊಳ್ಳುತ್ತೆ. ಪ್ರಯೋಗದಿಂದ ಸಾಬೀತಾಯ್ತಲ್ಲ."

ಸುಳ್ಳುಗಳನ್ನು ನಾನೂ ಬೇಕಾದಷ್ಟು ಕೇಳಿದ್ದೇನೆ. ಆದರೆ ಯಾರು ಪರೀಕ್ಷಿಸಿದರೂ ನಿಜವೆಂದು ಸಾಬೀತಾಗುವ ಸುಳ್ಳನ್ನು ಕಂಡದ್ದು ಅದೊಂದೇ.

ಮೇಷ್ಟ್ರು ಒಂದು ಕಲ್ಲನ್ನು ಕೇಳಿ ತೆಗೆದುಕೊಂಡು ಹೋದರು. ಕೊಡುವುದಿಲ್ಲವೆನ್ನಲು ಭಾವನಿಗೆ ನಾಲಿಗೆ ಹೊರಳಲಿಲ್ಲ. ಮೂರನೆಯ ದಿನ ಮೇಷ್ಟ್ರು ಗ್ರೂಪಿನಲ್ಲಿ ಬರೆದರು, ಕಲ್ಲು ಹೊಸ ಜಾಗಕ್ಕೆ ಒಗ್ಗಿಕೊಂಡಿದೆ ಎಂದು. ಅಷ್ಟೇ ಸಾಕಾಯಿತು. ಒಬ್ಬೊಬ್ಬರಾಗಿ ಬಂದರು. ಎದುರು ಮನೆಯವರಿಗೆ ಒಂದು, ಮೇಲಿನ ಮನೆಯವರಿಗೆ ಒಂದು ಜೋಡಿ, ಒಂಟಿಯಾದರೆ ಬೇಜಾರಾಗುತ್ತದೆಂದು. ಅಕ್ಕ ಪ್ರತಿಯೊಬ್ಬರಿಗೂ ತಾನೇ ಕೈಯಾರೆ ಕೊಟ್ಟು, ನೀರು ಬದಲಿಸುವ ಕ್ರಮ ಹೇಳಿ ಕಳಿಸುತ್ತಿದ್ದಳು. ಅವಳ ನಡಿಗೆಯೇ ಬದಲಾಗಿತ್ತು. ಭಾವ ಮಾತ್ರ ಅನ್ನ ಸೇರದೆ ಸೊರಗುತ್ತಿದ್ದರು. ಅವರಿಗೆ ನೀರು ಹಾಕಿದರೂ ಚೇತರಿಸಿಕೊಳ್ಳುವ ಹಾಗಿರಲಿಲ್ಲ.

ಆಫೀಸಿನಲ್ಲೂ ಇದೇ ಕಥೆ. ಫೋಟೋ ನೋಡಿದ ಸೂಪರಿಂಟೆಂಡೆಂಟರು ಭಾವನನ್ನು ರೂಮಿಗೆ ಕರೆಸಿದರು. ಸೇವೆಗೆ ಸೇರಿದ ಮೇಲೆ ಭಾವ ಆ ರೂಮಿಗೆ ಹೋದದ್ದೆಲ್ಲ ಬೈಗುಳ ತಿನ್ನಲಿಕ್ಕೇ. ಆವತ್ತು ಕುರ್ಚಿ ತೋರಿಸಿದರಂತೆ.

"ಏನ್ರೀ, ಯಾವ ಫೈಲನ್ನೂ ಪೂರ್ತಿ ಮಾಡದವರು ಇದನ್ನ ಮುಗಿಸಿದೀರಿ. ನಮಗೊಂದು ಬೇಡವಾ?"

ಸೂಪರಿಂಟೆಂಡೆಂಟರ ಮೇಜಿನ ಮೇಲೂ ಒಂದು ಬಟ್ಟಲು ಕೂತಿತು. ಅವರು ನಿಯಮದ ಮನುಷ್ಯರು. ಮಧ್ಯಾಹ್ನ ನೀರಿನ ಮಟ್ಟ ನೋಡಲು ಜವಾನನಿಗೆ ಆದೇಶವಾಯಿತು. ಅವರು ರಜೆ ಹಾಕಿದ ದಿನ ಕಲ್ಲಿನ ಪ್ರಭಾರ ಯಾರಿಗೆ ಎಂಬ ಪ್ರಶ್ನೆ ಎದ್ದು, ಇಬ್ಬರು ಗುಮಾಸ್ತರ ನಡುವೆ ಮಾತು ಬಿಟ್ಟುಹೋಯಿತು.

ಹೀಗೆ ನಮ್ಮ ಕಟ್ಟಡದ ಮನೆಮನೆಯಲ್ಲೂ ಬಟ್ಟಲು, ಬಟ್ಟಲಲ್ಲಿ ನೀರು, ನೀರಲ್ಲಿ ಕಲ್ಲು. ಕೆಲವರು ಕಲ್ಲಿಗೆ ಒಳ್ಳೆಯದೆಂದು ಬಾಲ್ಕನಿಯ ನೆರಳಿನಲ್ಲಿಟ್ಟರು. ನಿಂತ ನೀರು, ನೆರಳು, ಬೆಚ್ಚಗಿನ ಕಾಲ. ಇದನ್ನು ಕಲ್ಲಿಗಿಂತ ಮೊದಲು ಸೊಳ್ಳೆಗಳು ಗಮನಿಸಿದವು.

ಆರೋಗ್ಯ ಇಲಾಖೆಯ ಇನ್ಸ್‌ಪೆಕ್ಟರು ಬಂದದ್ದು ಒಂದು ಶುಕ್ರವಾರ ಬೆಳಗಿನ ಹೊತ್ತು. ಕೈಯಲ್ಲಿ ಟಾರ್ಚು, ಹಿಂದೆ ಔಷಧಿ ಹೊಡೆಯುವವನು. ಸೊಳ್ಳೆ ಮರಿ ಹುಡುಕಲು ಹೊರಟ ಮನುಷ್ಯ. ಸಾಮಾನ್ಯವಾಗಿ ಹೂವಿನ ಕುಂಡ, ಹಳೆಯ ಟೈರು ನೋಡುವವರು ಮೇಷ್ಟ್ರ ಬಾಲ್ಕನಿಯಲ್ಲಿ ಬಟ್ಟಲು ನೋಡಿ ಟಾರ್ಚು ಬಿಟ್ಟರು. ಕಲ್ಲಿನ ಸುತ್ತ ಏನೋ ಪುಳಪುಳ ಈಜುತ್ತಿತ್ತು.

"ಇದೇನ್ರೀ?"

"ಮರಿ ಹಾಕಿರಬಹುದು" ಎಂದರು ಮೇಷ್ಟ್ರು ಮೆಲ್ಲಗೆ.

ಇನ್ಸ್‌ಪೆಕ್ಟರು ಒಂದು ಗಳಿಗೆ ಅವರ ಮುಖವನ್ನೇ ನೋಡಿದರು. ಆಮೇಲೆ ಪಕ್ಕದ ಮನೆಗೆ ಹೋದರು, ಅಲ್ಲಿಯೂ ಬಟ್ಟಲು. ಮೇಲಿನ ಮನೆಗೆ ಹೋದರು, ಅಲ್ಲಿ ಎರಡು. ಅವರ ಸರ್ವೀಸಿನಲ್ಲೇ ಇಂಥ ಕಟ್ಟಡ ಕಂಡಿರಲಿಲ್ಲವಂತೆ. ಎಲ್ಲರೂ ಬಟ್ಟಲು ಹಿಡಿದು ತಾರಸಿಗೆ ಬರಬೇಕೆಂದು ಅಪ್ಪಣೆಯಾಯಿತು. ಬಂದರು. ಮಕ್ಕಳನ್ನು ಎತ್ತಿಕೊಂಡ ಹಾಗೆ ಎದೆಗವಚಿಕೊಂಡು ಬಂದರು. ಅದೇ ಹೊತ್ತಿಗೆ ಸೂಪರಿಂಟೆಂಡೆಂಟರೂ ತಾರಸಿಗೆ ಹತ್ತಿ ಬಂದರು, ಕೈಯಲ್ಲಿ ಮುಚ್ಚಳವಿರುವ ಊಟದ ಡಬ್ಬಿ. ಅವರ ಕಲ್ಲಿನ ನೀರು ಹಸಿರಾಗಿತ್ತು. ತಪಾಸಣೆ ಮಾಡಿಸಲೆಂದು ಭಾವನ ಮನೆಗೆ ತಂದಿದ್ದರು.

"ನೀರೆಲ್ಲ ಚೆಲ್ಲಿ" ಎಂದರು ಇನ್ಸ್‌ಪೆಕ್ಟರು. "ಇನ್ನೊಂದು ಸಲ ಬಂದಾಗ ಒಂದು ಬಟ್ಟಲು ಕಂಡರೂ ದಂಡ."

"ಚೆಲ್ಲಿದ್ರೆ ಜೀವ ಹೋಗುತ್ತೆ" ಎಂದರು ಮೇಷ್ಟ್ರು.

"ಯಾರದು?"

"ಕಲ್ಲಿಂದು."

ಇನ್ಸ್‌ಪೆಕ್ಟರು ಟೋಪಿ ತೆಗೆದು ತಲೆ ಒರೆಸಿಕೊಂಡರು. ಸೂಪರಿಂಟೆಂಡೆಂಟರು ಮುಂದೆ ಬಂದರು.

"ನೋಡಿ, ನಿಮ್ಮ ನಿಯಮ ಇರೋದು ತೆರೆದ ನೀರಿಗೆ. ಮುಚ್ಚಳ ಇದ್ರೆ ಆಕ್ಷೇಪಣೆ ಇಲ್ಲ ತಾನೇ?"

"ಇಲ್ಲ."

"ಮುಚ್ಚಳ ಹಾಕಿದ್ರೆ ಉಸಿರಾಟ ಹೇಗೆ ಸಾರ್?" ಎಂದರು ಮೇಷ್ಟ್ರು. ಸೂಪರಿಂಟೆಂಡೆಂಟರು ಗಾಬರಿಯಾಗಿ ತಮ್ಮ ಡಬ್ಬಿಯ ಮುಚ್ಚಳ ತೆಗೆದರು. ಇನ್ಸ್‌ಪೆಕ್ಟರು ಅದನ್ನು ಅವರ ಕೈಯಿಂದ ತೆಗೆದುಕೊಂಡು ನೀರು ಸುರಿದು ಖಾಲಿ ಡಬ್ಬಿ ವಾಪಸ್ಸು ಕೊಟ್ಟರು. ಆಮೇಲೆ ಒಂದೊಂದಾಗಿ ಎಲ್ಲ ಬಟ್ಟಲುಗಳನ್ನೂ. ಕಲ್ಲುಗಳನ್ನು ತಾರಸಿಯ ಗೋಡೆಯ ಮೇಲೆ ಸಾಲಾಗಿ ಇಟ್ಟರು. ಬಿಸಿಲು ಚುರುಕಾಗಿತ್ತು.

ಒಂದೊಂದೇ ಕಲ್ಲು ಮಂಕಾಯಿತು. ಎದುರು ಮನೆಯವರು ಮುಖ ತಿರುಗಿಸಿಕೊಂಡರು. "ಹೋಯ್ತು" ಎಂದು ಯಾರೋ ಅಂದರು. ಮೇಷ್ಟ್ರು ಭಾವನ ಹತ್ತಿರ ಬಂದು ಭುಜದ ಮೇಲೆ ಕೈಯಿಟ್ಟು, "ನರಳಲಿಲ್ಲ, ಅಷ್ಟೇ ಸಮಾಧಾನ" ಎಂದರು. ಸೂಪರಿಂಟೆಂಡೆಂಟರು, "ನಾಳೆ ಬೇಕಾದ್ರೆ ರಜಾ ತಗೊಳ್ರೀ" ಎಂದರು. ಆ ಬಾಯಿಂದ ರಜೆಯ ಮಾತು ಬಂದದ್ದನ್ನು ಕೇಳಿ ನಾನೇ ದಂಗಾದೆ.

ನನ್ನ ಲೆಕ್ಕದಲ್ಲಿ ಭಾವ ಪಾರಾಗಿದ್ದರು. ಕಲ್ಲುಗಳು ಸತ್ತವು, ಕೊಂದದ್ದು ಸರ್ಕಾರ. ಮುಗಿಸಿದ್ದರೆಂಬ ಹೆಸರು ಹಾಗೇ ಉಳಿಯಿತು. ಇನ್ನು ಸುಮ್ಮನೆ ತಲೆ ತಗ್ಗಿಸಿ ಮೆಟ್ಟಿಲಿಳಿದರೆ ಸಾಕಿತ್ತು. ನಾನು ಕಣ್ಸನ್ನೆಯನ್ನೂ ಮಾಡಿದೆ.

ಅಷ್ಟರಲ್ಲಿ ಅಕ್ಕ ಇನ್ಸ್‌ಪೆಕ್ಟರ ಎದುರು ಹೋಗಿ ನಿಂತಳು. ಅವಳ ಕಣ್ಣು ಒದ್ದೆಯಾಗಿತ್ತು.

"ನಮ್ಮನೆಯವರು ಇಷ್ಟು ವರ್ಷದಲ್ಲಿ ಮುಗಿಸಿದ್ದು ಇದೊಂದೇ ಸ್ವಾಮಿ. ನಿಮಗೆ ಇದು ಕಲ್ಲು. ನನಗೆ ಹಾಗಲ್ಲ. ಇದನ್ನೂ ಹಾಳು ಮಾಡಿದ್ರಲ್ಲ."

ಭಾವ ಅವಳನ್ನು ನೋಡಿದರು. ಆಮೇಲೆ ಗೋಡೆಯ ಮೇಲಿದ್ದ ಕಲ್ಲುಗಳನ್ನು ನೋಡಿದರು. ಯಾವ ಕೆಲಸವನ್ನೂ ಕೊನೆ ಮುಟ್ಟಿಸದ ಆ ಮನುಷ್ಯನಿಗೆ ಒಂದು ಸುಳ್ಳನ್ನು ಕೂಡ ಕೊನೆ ಮುಟ್ಟಿಸಲಾಗಲಿಲ್ಲ.

"ಸತ್ತಿಲ್ಲ" ಎಂದರು. "ಮುಗಿದಿಲ್ಲ, ಅಷ್ಟೇ. ಒಂದು ಸುತ್ತು ಬಾಕಿ ಇದೆ. ನೀರಲ್ಲಿ ಯಾವ ಕಲ್ಲಾದ್ರೂ ಹೊಳೆಯುತ್ತೆ. ನಾನು ಸುಳ್ಳು ಹೇಳಿದೆ."

ಮೇಷ್ಟ್ರು ತಲೆಯಾಡಿಸಿದರು.

"ದುಃಖದಲ್ಲಿ ಹಾಗೇ ಅನ್ಸುತ್ತೆ. ನಾನು ದಿನಾ ಪರೀಕ್ಷೆ ಮಾಡಿದೀನಿ. ಜೀವ ಇತ್ತು."

"ದೊಡ್ಡತನ ಕಣ್ರೀ ನಿಮ್ಮದು" ಎಂದರು ಸೂಪರಿಂಟೆಂಡೆಂಟರು. "ಇನ್ಸ್‌ಪೆಕ್ಟರಿಗೆ ಪಾಪಪ್ರಜ್ಞೆ ಆಗಬಾರದು ಅಂತ ತಾನೇ ಹೇಳ್ತಿರೋದು?"

ಭಾವ ಮತ್ತೆ ಹೇಳಿದರು. ಇನ್ನೊಮ್ಮೆ ಹೇಳಿದರು. ಯಾರೂ ನಂಬಲಿಲ್ಲ. ಸುಳ್ಳನ್ನು ಒಂದೇ ಮಾತಿಗೆ ನಂಬಿದ ಜನ ನಿಜವನ್ನು ಮೂರು ಸಲ ಹೇಳಿದರೂ ಒಪ್ಪಲಿಲ್ಲ. ನೀರಿಲ್ಲದೆ ಸಾಕುವುದು ನಮ್ಮಿಂದಾಗದು, ನೀವೇ ಇಟ್ಟುಕೊಳ್ಳಿ ಎಂದು ಎಲ್ಲರೂ ಕಲ್ಲುಗಳನ್ನು ಗೋಡೆಯ ಮೇಲೇ ಬಿಟ್ಟು ಖಾಲಿ ಬಟ್ಟಲು ಹಿಡಿದು ಇಳಿದುಹೋದರು.

ನಂಬಿದವಳು ಅಕ್ಕ ಒಬ್ಬಳೇ. ಅವಳಿಗೆ ನೋವಾಯಿತು, ಅದನ್ನು ಮುಚ್ಚಿಡಲೂ ಇಲ್ಲ.

"ಎಷ್ಟು ಜನಕ್ಕೆ ಹೇಳಿಕೊಂಡು ಬಂದಿದೀನಿ ಗೊತ್ತಾ ನಿಮಗೆ?"

"ಗೊತ್ತು."

"ಇವತ್ತು ಯಾಕೆ ಬಾಯಿ ಬಿಟ್ರಿ? ಸುಮ್ಮನಿದ್ದಿದ್ರೆ ಆಗಿಹೋಗ್ತಿತ್ತು."

"ನಿನ್ನ ಕೈಯಲ್ಲಿ ಒಂದನ್ನೂ ಇಟ್ಟಿಲ್ಲವಲ್ಲ ಇನ್ನೂ" ಎಂದರು ಭಾವ.

ಅಕ್ಕ ಬಟ್ಟೆ ಒಗೆಯುವ ಬಕೆಟ್ಟನ್ನು ಎಳೆದುಕೊಂಡು ಗೋಡೆಯ ಮೇಲಿನ ಕಲ್ಲುಗಳನ್ನೆಲ್ಲ ಅದಕ್ಕೆ ತುಂಬಿದಳು. "ಮುಂದಿನ ಶನಿವಾರ ಗುಜರಿಯವನಿಗೆ ಬರೋಕೆ ಹೇಳ್ತೀನಿ. ಅಷ್ಟರೊಳಗೆ ಆದ್ರೆ ಆಯ್ತು" ಎಂದು ಬಕೆಟ್ಟನ್ನು ಭಾವನ ಕೈಗೆ ಕೊಟ್ಟು ಇಳಿದಳು.

ಆವತ್ತು ಭಾವ ಡ್ರಮ್ಮನ್ನು ತೊಳೆದದ್ದನ್ನು ನೀವು ನೋಡಬೇಕಿತ್ತು. ಹಿಂದಿನ ಪುಡಿಯ ಒಂದು ಕಣ ಉಳಿದರೂ ಪಾಲಿಶ್ ಕೆಡುತ್ತದೆಂದು ಹಲ್ಲುಜ್ಜುವ ಬ್ರಷ್ಷಿನಿಂದ ಒಳಗೆಲ್ಲ ತಿಕ್ಕಿದರು. ಒಂದೊಂದು ಕಲ್ಲಿನ ಸಂದಿಯನ್ನೂ ತಿಕ್ಕಿದರು. ಪಾಲಿಶ್ ಪುಡಿ ಹಾಕಿದರು, ಮುಚ್ಚಳ ಬಿಗಿದರು. ಗೊರಗೊರ ಎಂದು ಬಾತ್‌ರೂಮು ಮತ್ತೆ ಶುರುವಾಯಿತು.

ಮೇಷ್ಟ್ರು ಅರ್ಧ ಗಂಟೆಯಲ್ಲಿ ಮೇಲೆ ಬಂದರು. ಆಸ್ಪತ್ರೆಯ ವಾರ್ಡಿನ ಮುಂದೆ ನಿಲ್ಲುವ ಹಾಗೆ ಬಾತ್‌ರೂಮಿನ ಮುಂದೆ ನಿಂತು, "ಹೇಗಿವೆ ಈಗ?" ಎಂದು ಕೇಳಿದರು.

"ತಿರುಗ್ತಾ ಇವೆ" ಎಂದಳು ಅಕ್ಕ.

ದಿನವೂ ಬಂದು ಕೇಳಿದರು. ದಿನವೂ ಅದೇ ಉತ್ತರ. ಸೂಪರಿಂಟೆಂಡೆಂಟರು ಕೊಟ್ಟ ರಜೆಯಲ್ಲಿ ಭಾವ ಬಾತ್‌ರೂಮಿನಲ್ಲಿ ಸ್ಟೂಲು ಹಾಕಿಕೊಂಡು ಕೂತರು. ಸ್ನಾನ ಮಾಡಬೇಕಾದವರು ಅವರನ್ನು ಎಬ್ಬಿಸಿ ಮಾಡಬೇಕಿತ್ತು. ಬುಧವಾರದ ಹೊತ್ತಿಗೆ ಅವರ ಕೈ ಮುಚ್ಚಳದ ಕಡೆ ಹೋಗುವುದನ್ನು ನಾನು ಕಂಡೆ. ಮುಕ್ಕಾಲು ಸುತ್ತು ಆಗಿತ್ತಲ್ಲ, ಸಹಜ. ಆಮೇಲೆ ಅವರೇ ಕೈಯನ್ನು ಹಿಂದಕ್ಕೆ ತೆಗೆದುಕೊಂಡು ಅದರ ಮೇಲೆ ಕೂತರು.

ಶನಿವಾರ ಗುಜರಿಯವನು ತಕ್ಕಡಿ ಹಿಡಿದು ಬಾಗಿಲಿಗೆ ಬಂದಾಗ ಭಾವ ಮೋಟಾರು ಆರಿಸಿದರು. ಅವನು ಹಿಂದಿನ ರೂಮಿನೊಳಗೆ ಇಣುಕಿ ನೋಡಿ, "ಎರಡು ಗಾಡಿ ಆಗುತ್ತಮ್ಮಾ" ಎಂದ. "ಸ್ವಲ್ಪ ಇರಿ" ಎಂದಳು ಅಕ್ಕ. ಭಾವ ಕಲ್ಲುಗಳನ್ನು ತೊಳೆದು, ಟವೆಲ್ಲಿನ ಮೇಲೆ ಹರಡಿ, ಚೆನ್ನಾಗಿ ಒರೆಸಿದರು. ಒಂದನ್ನು ಆರಿಸಿ ಅಕ್ಕನ ಅಂಗೈಯಲ್ಲಿಟ್ಟರು. ಜಲ್ಲಿ ರಾಶಿಯಲ್ಲಿ ಮೊದಲು ಸಿಕ್ಕಿದ ಜೇನು ಬಣ್ಣದ ಕಲ್ಲು.

ಅಕ್ಕ ಅದನ್ನು ಕಿಟಕಿಯ ಹತ್ತಿರ ಹಿಡಿದಳು. ತಿರುಗಿಸಿದಳು. ಅಡುಗೆಮನೆಗೆ ಹೋಗಿ ಒಂದು ಲೋಟ ನೀರು ತಂದು ಕಲ್ಲನ್ನು ಅದರೊಳಗೆ ಬಿಟ್ಟಳು. ನೋಡಿದಳು. ಹೊರಗೆ ತೆಗೆದಳು. ಒರೆಸಿದಳು. ನೋಡಿದಳು. ನೀರಿನೊಳಗೆ ಹೇಗಿತ್ತೋ ಹೊರಗೂ ಹಾಗೇ ಇತ್ತು. ಒಂದು ಚೂರೂ ವ್ಯತ್ಯಾಸವಿರಲಿಲ್ಲ.

"ಏನಮ್ಮಾ, ಎತ್ಕೊಳ್ಳಲಾ?" ಎಂದ ಗುಜರಿಯವನು.

"ಆಮೇಲೆ ಬನ್ನಿ" ಎಂದಳು ಅಕ್ಕ.

ಅವಳ ಬಾಯಲ್ಲಿ ಆ ಮಾತನ್ನು ನಾನು ಕೇಳಿದ್ದು ಅದೇ ಮೊದಲು.

ಮಿಕ್ಕ ಕಲ್ಲುಗಳನ್ನು ಭಾವ ಮನೆಮನೆಗೆ ಹಿಂದಿರುಗಿಸಲು ಹೋದರು. ಯಾರೂ ತೆಗೆದುಕೊಳ್ಳಲಿಲ್ಲ. ಮೇಷ್ಟ್ರು ಒಂದನ್ನು ನೀರಿಗೆ ಹಾಕಿ ತೆಗೆದು, ಹಾಕಿ ತೆಗೆದು, "ಏನೂ ಪ್ರತಿಕ್ರಿಯೆ ಇಲ್ಲ. ನೋಡೋಕೆ ಚೆನ್ನಾಗಿದೆ, ಆದ್ರೆ ಜೀವ ಇಲ್ಲ" ಎಂದು ವಾಪಸ್ಸು ಕೊಟ್ಟರು. ಸೂಪರಿಂಟೆಂಡೆಂಟರು ಕುರ್ಚಿ ತೋರಿಸುವುದನ್ನು ನಿಲ್ಲಿಸಿದರು. ಹೀಗಾಗಿ ಅಷ್ಟೂ ಕಲ್ಲು ಈಗ ಅಕ್ಕನ ಹತ್ತಿರವೇ ಇವೆ, ಒಣ ತಟ್ಟೆಯಲ್ಲಿ.

ಆ ಸಂಜೆ ಫೋಟೋ ತೆಗೆಯಲು ಇಬ್ಬರೂ ಸ್ಟುಡಿಯೊಕ್ಕೆ ಬಂದರು. ಭಾವ ಅಭ್ಯಾಸದಂತೆ ಗಾಜಿನ ಬಟ್ಟಲು ಹುಡುಕತೊಡಗಿದರು. "ನೀರು ಬೇಡ" ಎಂದಳು ಅಕ್ಕ, ಕಲ್ಲನ್ನು ಅಂಗೈಯಲ್ಲಿಟ್ಟುಕೊಂಡು ಕೈ ಚಾಚಿದಳು. ಈ ಸಲ ನಾನು ತೆಗೆದೆ. ಫೋಟೋದಲ್ಲಿ ಕಲ್ಲಿಗಿಂತ ಅವಳ ಕೈಯೇ ಹೆಚ್ಚು ಕಾಣುತ್ತದೆ. ನಾನು ಏನನ್ನೂ ಅಳಿಸಲಿಲ್ಲ. ದೊಡ್ಡದಾಗಿ ಪ್ರಿಂಟು ಹಾಕಿ, ಕಟ್ಟು ಹಾಕಿಸಿ ಕೊಟ್ಟೆ.

ಅದನ್ನು ನಡುಮನೆಯಲ್ಲಿ ಭಾವನೇ ತೂಗುಹಾಕಿದ್ದಾರೆ. ಕಟ್ಟು ಭಾರವಾದ್ದರಿಂದ ಎರಡು ಮೊಳೆ ಬೇಕು. ಒಂದು ಹೊಡೆದಿದ್ದಾರೆ, ಫೋಟೋ ಬಲಗಡೆಗೆ ವಾಲಿದೆ. ಇನ್ನೊಂದು ಆಮೇಲೆ ಅಂದಿದ್ದಾರೆ. ಅಕ್ಕ ಅದರ ಕೆಳಗೆ ಕೂತು ತಾನೂ ಸ್ವಲ್ಪ ಬಲಗಡೆಗೆ ತಲೆ ವಾಲಿಸಿ ನೋಡುತ್ತಾಳೆ, ಆಗ ನೇರವಾಗಿ ಕಾಣುತ್ತದಂತೆ.